ಎಲೆ ಮಗುಚಿ ನೋಡಿದ್ರಾ? ಕೈತೋಟ, ಕಳೆ, ಹುಳುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯ ಹಿಂದೆ 15 ಅಡಿಗೆ 20 ಅಡಿಯ ಹಿತ್ತಲಿದೆ. ಮೇಲೆ ತಾರಸಿಯಲ್ಲಿ ನಲವತ್ತು ಚಿಲ್ಲರೆ ಕುಂಡ, ಹಳೇ ಬಕೆಟ್ಟು. ನನ್ನ ತೋಟ ಅಂದರೆ ಇಷ್ಟೇ. ಆದರೂ ಮದುವೆ ಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಗೇಟಿನ ಹೊರಗೆ ನಿಂತು ಜನ ಕೇಳುವ ಪ್ರಶ್ನೆಗಳು ವರ್ಷ ವರ್ಷವೂ ಅವೇ. ಕೇಳಿದವರ ಮಾತಿನಲ್ಲೇ ಒಂದು ನೋಟ್ ಪುಸ್ತಕದಲ್ಲಿ ಗೀಚಿಟ್ಟುಕೊಂಡಿದ್ದೆ. ಈಗ ಉತ್ತರ ಸೇರಿಸಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಈಗ ತಾನೆ ಶುರು ಮಾಡಿದವರಿಗೆ

ನಮಗೆ ಹಿತ್ತಲಿಲ್ಲ, ತಾರಸಿ ಮಾತ್ರ. ಗಿಡ ಇಟ್ರೆ ಮನೆ ಸೋರಲ್ವಾ?

ಸೋರಿಸುವುದು ಗಿಡವಲ್ಲ, ನಿಂತ ನೀರು. ಕುಂಡವನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆ ಮೇಲಿಡಿ, ಕೆಳಗೆ ನೀರು ಹರಿದು ಹೋಗಲಿ, ಕಸ ಗುಡಿಸಲು ಬರಲಿ. ತೂಕವನ್ನೂ ಲೆಕ್ಕ ಹಾಕಿ: 15 ಲೀಟರಿನ ಒಂದು ಪೇಂಟ್ ಬಕೆಟ್ಟಿಗೆ ಒದ್ದೆ ಮಣ್ಣು ತುಂಬಿದರೆ 20 ಕೆಜಿ ದಾಟುತ್ತದೆ. ಹಾಗಾಗಿ ತಾರಸಿಯ ನಡುಮಧ್ಯ ಗುಂಪು ಹಾಕದೆ ಗೋಡೆ ಮತ್ತು ತೊಲೆ ಬರುವ ಅಂಚಿನಲ್ಲಿ ಸಾಲಾಗಿ ಇಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬಿದ್ದರೆ ತರಕಾರಿ ಬರುತ್ತದೆ. ಮೊದಲ ಸಲಕ್ಕೆ ಹರಿವೆ, ಮೆಂತ್ಯ, ಪಾಲಕ್ ಸಾಕು. ತಿಂಗಳೊಳಗೆ ಒಂದು ಸಾರಿಗಾಗುವಷ್ಟು ಸೊಪ್ಪು ಕೈಗೆ ಬಂದರೆ ಉಮೇದು ತಾನಾಗೇ ಬರುತ್ತದೆ. ಟೊಮೇಟೊದಿಂದ ಶುರು ಮಾಡಿದವರು ಅರ್ಧದಲ್ಲೇ ಕೈಬಿಟ್ಟದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಕುಂಡಕ್ಕೆ ಎಂಥ ಮಣ್ಣು ಹಾಕ್ಬೇಕು? ಬರೀ ಕೆಂಪು ಮಣ್ಣು ಸಾಲದಾ?

ಬರೀ ಕೆಂಪು ಮಣ್ಣು ನಾಲ್ಕು ಸಲ ನೀರು ಕಂಡರೆ ಇಟ್ಟಿಗೆ ಆಗುತ್ತದೆ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಅಥವಾ ದಪ್ಪ ಮರಳು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಇಲ್ಲವೇ ಹೊಂಗೆ ಹಿಂಡಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ನೀರಲ್ಲಿ ನೆನೆಸಿ ಹಿಂಡಿಕೊಳ್ಳಿ. ಗೊಬ್ಬರ ಕಳಿತಿದೆಯೋ ಇಲ್ಲವೋ ಎಂದು ಮೂಗಿಗೆ ಕೇಳಿ: ಸಗಣಿ ವಾಸನೆ ಬಂದರೆ ಇನ್ನೂ ಇಲ್ಲ, ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಗಿದೆ. ಹಸಿ ಸಗಣಿ ಹಾಕಿದರೆ ಗೆದ್ದಲನ್ನೂ ಗೊಣ್ಣೆ ಹುಳುವನ್ನೂ ನೀವೇ ಊಟಕ್ಕೆ ಕರೆದ ಹಾಗೆ. ಬಯಲುಸೀಮೆಯ ಎರೆಮಣ್ಣಿನವರು ಮರಳು, ತರಗೆಲೆ ಎರಡನ್ನೂ ಜಾಸ್ತಿ ಸೇರಿಸಬೇಕು.

ದಿನಾ ತಪ್ಪದೆ ನೀರು ಹಾಕ್ತೀನಿ, ಆದ್ರೂ ಗಿಡ ಬಾಡುತ್ತಲ್ಲ?

ದಿನಾ ತಪ್ಪದೆ ಹಾಕುವುದರಿಂದಲೇ ಇರಬಹುದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸದಾ ಕೆಸರಾಗಿದ್ದರೆ ಬೇರು ಕೊಳೆತು, ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ತೋರುಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಿ, ತಣ್ಣಗೆ ಅಂಟಿದರೆ ಇವತ್ತು ಬೇಡ. ಕುಂಬಳ, ಸೋರೆಯ ಅಗಲ ಎಲೆಗಳು ನಡುಮಧ್ಯಾಹ್ನ ಜೋತು ಬೀಳುವುದು ಸಹಜ, ಸಂಜೆಗೆ ತಾವೇ ಏಳುತ್ತವೆ. ಬೆಳಿಗ್ಗೆಯೂ ಜೋತಿದ್ದರೆ ಆಗ ಯೋಚಿಸಿ.

ಕೊತ್ತಂಬರಿ ಮೊಳಕೆನೇ ಬರಲ್ಲ ನೋಡಿ, ನಮ್ಮ ಕೈಗುಣವೇ ಸರಿ ಇಲ್ಲ.

ಕೈಗುಣದ ಮಾತಲ್ಲ. ಒಂದೊಂದು ಕೊತ್ತಂಬರಿ ಕಾಳಿನಲ್ಲೂ ಎರಡು ಬೀಜ ಇರುತ್ತವೆ. ಚಪ್ಪಲಿಯಡಿ ಹಾಕಿ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಹತ್ತು ಹನ್ನೆರಡು ದಿನ ಕಾಯಬೇಕು, ಏಪ್ರಿಲ್ ಬಿಸಿಲಿನಲ್ಲಿ ಇನ್ನೂ ಕಷ್ಟ. ಹರಿವೆಯಂಥ ಸಣ್ಣ ಬೀಜವಾದರೆ ಕಳ್ಳರು ಇರುವೆಗಳು. ನಮ್ಮಜ್ಜಿ ಪಾತಿಯ ಸುತ್ತ ಒಂದು ಹಿಡಿ ರವೆ ಚೆಲ್ಲುತ್ತಿದ್ದರು. ಇರುವೆ ರವೆ ಹೊರುವುದರಲ್ಲಿ ಮುಳುಗಿರುವಾಗ ಬೀಜ ಮೊಳೆತಿರುತ್ತಿತ್ತು.

ಅಡುಗೆಮನೆ ಕಸದಿಂದ ಗೊಬ್ಬರ ಮಾಡೋಕೆ ಹೋದೆ. ಬರೀ ವಾಸನೆ, ಹುಳ. ಮನೆಯವ್ರು ಬಯ್ತಿದಾರೆ.

ಒಣಕಸ ಸಾಲದೆ ಹೀಗಾಗುತ್ತದೆ. ಒಂದು ಬೊಗಸೆ ತರಕಾರಿ ಸಿಪ್ಪೆಗೆ ಎರಡು ಬೊಗಸೆ ಒಣ ಎಲೆ, ಹರಿದ ರಟ್ಟು ಅಥವಾ ಮರದ ಹೊಟ್ಟು ಹಾಕಿ ಮುಚ್ಚಿ. ಡಬ್ಬದ ಸುತ್ತ ತೂತಿರಬೇಕು, ವಾರಕ್ಕೊಮ್ಮೆ ಕೋಲಿನಿಂದ ಮೇಲೆ ಕೆಳಗೆ ಮಾಡಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎರಡು ಮೂರು ತಿಂಗಳಲ್ಲಿ ಗೊಬ್ಬರ ತಯಾರು. ಬೂದು ಬಣ್ಣದ ದಪ್ಪ ಹುಳುಗಳು ಒಂದು ಜಾತಿಯ ಕಪ್ಪು ನೊಣದ ಮರಿಗಳು; ಕಸವನ್ನು ಬೇಗ ಕರಗಿಸುತ್ತವೆ, ಯಾರಿಗೂ ಏನೂ ಮಾಡವು. ಮನೆಯವರಿಗೆ ಹುಳ ಕಂಡರಾಗದು ಎಂದರೆ ಮೇಲೊಂದು ಪದರ ಒಣ ಎಲೆ ಹೆಚ್ಚು ಹಾಕಿ, ಅಷ್ಟೆ.

ಅಕ್ಕಚ್ಚು, ಟೀ ಚರಟ, ಮೊಟ್ಟೆ ಚಿಪ್ಪು ಹಾಕಿದ್ರೆ ಸಾಕಲ್ವಾ, ಗೊಬ್ಬರ ಯಾಕೆ?

ಸಾಲದು. ಅಕ್ಕಿ ತೊಳೆದ ನೀರು ನೀರಿಗಿಂತ ಒಂದು ತೂಕ ಮೇಲು, ಅಷ್ಟೇ. ಚರಟವನ್ನು ಗೊಬ್ಬರದ ಡಬ್ಬಕ್ಕೆ ಹಾಕಿ. ನೇರ ಕುಂಡಕ್ಕೆ ಸುರಿದರೆ ಮೇಲೆ ಹೆಪ್ಪುಗಟ್ಟಿ ಬೂಷ್ಟು ಹಿಡಿಯುತ್ತದೆ. ಚಿಪ್ಪು ಮಣ್ಣಾಗಲು ವರ್ಷಗಟ್ಟಲೆ ಬೇಕು, ಪುಡಿ ಮಾಡಿದರೆ ಸ್ವಲ್ಪ ಬೇಗ.

## ಕಳೆಯ ಕಾಟ

ಕಳೆ ಕಿತ್ತಷ್ಟೂ ಬರುತ್ತಲ್ಲ, ಇದಕ್ಕೆ ಕೊನೆಯೇ ಇಲ್ವಾ?

ಇದೆ, ಆದರೆ ಎರಡು ಮೂರು ವರ್ಷದ ಮಾತು. ಮಣ್ಣಿನೊಳಗೆ ಹಳೇ ಬೀಜದ ದೊಡ್ಡ ದಾಸ್ತಾನೇ ಇರುತ್ತದೆ. ನೀವು ಆಳವಾಗಿ ಅಗೆದಾಗಲೆಲ್ಲ ಒಂದಷ್ಟು ಬೀಜ ಬೆಳಕಿಗೆ ಬಂದು ಮೊಳೆಯುತ್ತವೆ. ಆದ್ದರಿಂದ ಅಗೆಯುವುದು ಕಡಿಮೆ ಮಾಡಿ. ಮಳೆ ಬಂದ ಮಾರನೇ ದಿನ ಮಣ್ಣು ಮೆತ್ತಗಿರುವಾಗ, ಕಳೆ ಹೂ ಬಿಡುವ ಮುಂಚೆ ಕಿತ್ತುಬಿಡಿ. ಬಿತ್ತುವ ಹದಿನೈದು ದಿನ ಮೊದಲೇ ಪಾತಿ ಹದ ಮಾಡಿ ನೀರು ಹಾಯಿಸುವುದು ನನ್ನ ಅಭ್ಯಾಸ. ಕಾದಿದ್ದ ಕಳೆಯೆಲ್ಲ ಒಟ್ಟಿಗೆ ಮೇಲೆದ್ದು ಎರಡೆಲೆ ಬಿಡುತ್ತದೆ. ಆಗ ಕಳೆಗುದ್ದಲಿಯಲ್ಲಿ ಅರ್ಧ ಇಂಚು ಮಾತ್ರ ಕೆರೆದು, ಆಮೇಲೆ ಬೀಜ ಬಿತ್ತುತ್ತೇನೆ.

ಬರಿ ನೆಲ ಬಿಡಬೇಡಿ. ಒಣ ಎಲೆ, ಕಬ್ಬಿನ ತರಗು, ತೆಂಗಿನ ಸಿಪ್ಪೆ, ಯಾವುದು ಸಿಕ್ಕರೆ ಅದನ್ನು ಮೂರು ನಾಲ್ಕು ಇಂಚು ದಪ್ಪ ಹೊದಿಸಿ, ಕಾಂಡದ ಸುತ್ತ ಮಾತ್ರ ಒಂದು ಗೇಣು ಬಿಡಿ. ಬೀಜದಿಂದ ಬರುವ ಕಳೆ ಬಹುಪಾಲು ನಿಲ್ಲುತ್ತದೆ, ನೀರೂ ಉಳಿಯುತ್ತದೆ. ರಸ್ತೆಯಲ್ಲಿ ಎಲೆ ಗುಡಿಸಿ ಬೆಂಕಿ ಹಚ್ಚುವವರನ್ನು ಕಂಡರೆ ಚೀಲ ಹಿಡಿದು ಓಡುತ್ತೇನೆ. ನಮ್ಮ ಬೀದಿಯಲ್ಲಿ ಈಗ ಎಲ್ಲರಿಗೂ ಅಭ್ಯಾಸವಾಗಿದೆ.

ನಮ್ಮ ಹಿತ್ತಲದಾಗ ಜೇಕು ಭಾಳ ಆಗೇತ್ರಿ. ಕಿತ್ತು ಕಿತ್ತು ಸಾಕಾಗೇತಿ. ಏನ್ ಮಾಡ್ಲಿ?

ಧಾರವಾಡದ ಕಡೆಯಿಂದ ಬಂದ ಪ್ರಶ್ನೆ. ನನ್ನ ಕಷ್ಟವೂ ಇದೇ ಆಗಿತ್ತು. ಒಂದು ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಒಂದು ಟ್ರ್ಯಾಕ್ಟರ್ ಮಣ್ಣು ಹಾಕಿಸಿಕೊಂಡೆ. ಮಣ್ಣಿನ ಜೊತೆ ಜೇಕಿನ ಗಡ್ಡೆ ಉಚಿತವಾಗಿ ಬಂತು. ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಮಣ್ಣೊಳಗೆ ದಾರಕ್ಕೆ ಮಣಿ ಪೋಣಿಸಿದ ಹಾಗೆ ಕಪ್ಪು ಗಡ್ಡೆಗಳ ಸರ ಇರುತ್ತದೆ. ಮೇಲಿನದನ್ನು ಎಳೆದರೆ ಸರ ತುಂಡಾಗಿ, ಅಲ್ಲಿಯವರೆಗೆ ನಿದ್ದೆಯಲ್ಲಿದ್ದ ಕೆಳಗಿನ ಗಡ್ಡೆಗಳೂ ಚಿಗುರುತ್ತವೆ. ಕಿತ್ತಷ್ಟೂ ಹೆಚ್ಚುವುದು ಇದಕ್ಕೇ.

ಅದರ ದೌರ್ಬಲ್ಯ ಒಂದೇ: ನೆರಳು ತಡೆಯದು. ನಾನು ಮಾಡಿದ್ದು ಹೀಗೆ. ಬೇಸಿಗೆಯಲ್ಲಿ ಮಣ್ಣು ಒಂದು ಅಡಿ ಅಗೆದು, ಜರಡಿ ಹಿಡಿದು, ಕೈಗೆ ಸಿಕ್ಕಷ್ಟು ಗಡ್ಡೆ ಆರಿಸಿ ಕಲ್ಲುಚಪ್ಪಡಿಯ ಮೇಲೆ ಒಣಗಿಸಿದೆ. ಮಳೆ ಶುರುವಾದಾಗ ಗೆಣಸಿನ ಬಳ್ಳಿಯನ್ನು ಒತ್ತೊತ್ತಾಗಿ ನೆಟ್ಟೆ. ಬಳ್ಳಿ ಹಬ್ಬಿ ನೆಲ ಕಾಣದಂತಾಯಿತು. ನಡುವೆ ತಲೆ ಎತ್ತಿದ ಜೇಕನ್ನು ಎರಡು ವಾರಕ್ಕೊಮ್ಮೆ, ನಾಲ್ಕೈದು ಎಲೆ ಮೀರದಂತೆ ಕುರುಪಿಯಿಂದ ಗಡ್ಡೆ ಸಮೇತ ಎಬ್ಬಿಸಿದೆ. ಹೊಸ ಗಡ್ಡೆ ಕಟ್ಟಲು ಬಿಡದೆ ಹಳೆಯದನ್ನು ಬಳಲಿಸಬೇಕು, ಗುಟ್ಟು ಅಷ್ಟೇ. ಎರಡು ಮಳೆಗಾಲ ಬೇಕಾಯಿತು. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಅದು ಅಲ್ಲಿಂದಲೇ ಸಂಸಾರ ಶುರು ಮಾಡುತ್ತದೆ.

ಉಪ್ಪುನೀರು, ವಿನೆಗರ್ ಸುರಿದ್ರೆ ಕಳೆ ಸಾಯುತ್ತಂತೆ, ಹೌದಾ?

ಸಾಯುತ್ತದೆ, ಜೊತೆಗೆ ಮಣ್ಣೂ ಸಾಯುತ್ತದೆ. ಉಪ್ಪು ಮಣ್ಣಲ್ಲೇ ಉಳಿದು ಪಕ್ಕದ ಗಿಡದ ಬೇರಿಗೂ ಇಳಿಯುತ್ತದೆ. ಅಡುಗೆಯ ವಿನೆಗರ್ ಎಳೆ ಕಳೆಯ ಎಲೆ ಸುಡುತ್ತದೆ, ಬೇರು ಮತ್ತೆ ಚಿಗುರುತ್ತದೆ. ಅಂಗಳದ ಕಲ್ಲುಸಂದಿಯಲ್ಲಿ ಎದ್ದ ಹುಲ್ಲಿಗೆ ಕುದಿಯುವ ನೀರು ಸಾಕು. ಅನ್ನ ಬಸಿದ ಬಿಸಿ ಗಂಜಿಯಾದರೂ ಆದೀತು. ಗರಿಕೆ ಮಾತ್ರ ಇದ್ಯಾವುದಕ್ಕೂ ಜಗ್ಗದು. ಅದನ್ನು ಒಂದು ಮೂಲೆಯಲ್ಲಿ ಬಿಟ್ಟಿದ್ದೇನೆ, ಗಣೇಶನ ಹಬ್ಬಕ್ಕೆ ಇಡೀ ಬೀದಿ ನಮ್ಮನೆಗೇ ಬರುತ್ತದೆ.

ಪಕ್ಕದ ಖಾಲಿ ಸೈಟಲ್ಲಿ ಕಾಂಗ್ರೆಸ್ ಗಿಡ. ಮುಟ್ಟಿದ್ರೆ ಮೈಯೆಲ್ಲ ತುರಿಕೆ. ಹೇಗೆ ತೆಗೆಯೋದು?

ಕಾಂಗ್ರೆಸ್ ಗಿಡದ ಇನ್ನೊಂದು ಹೆಸರು ಪಾರ್ಥೇನಿಯಂ. 1955ರ ಹೊತ್ತಿಗೆ ಪುಣೆಯಲ್ಲಿ ಕಂಡಿತು, ಆಮೇಲೆ ದೇಶವೆಲ್ಲ ಹಬ್ಬಿತು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಆದ್ದರಿಂದ ಬಿಳಿ ಹೂ ಬರುವ ಮೊದಲೇ ತೆಗೆಯಬೇಕು. ತುಂಬು ತೋಳಿನ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಇಲ್ಲದೆ ಕೈ ಹಾಕಬೇಡಿ. ಅಸ್ತಮಾ ಇರುವವರು ದೂರ ಇರುವುದೇ ಲೇಸು. ಕಿತ್ತ ಜಾಗದಲ್ಲಿ ಚಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಇದನ್ನು ಮೇಲೇಳಗೊಡದು.

ಮಳೆಗಾಲದಲ್ಲಿ ಈ ಗಿಡದ ಎಲೆಗಳ ಮೇಲೆ ಕೆನೆಬಿಳಿ ಬೆನ್ನಿಗೆ ಕಂದು ಗೆರೆ ಬಳಿದಂಥ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕನ್ ದುಂಬಿ. ಕಾಂಗ್ರೆಸ್ ಗಿಡವನ್ನು ತಿನ್ನಿಸಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಬೇಸಿಗೆಯಲ್ಲಿ ಮಣ್ಣೊಳಗೆ ಮಲಗಿ ಮಳೆಗೆ ಮತ್ತೆ ಏಳುತ್ತದೆ.

ಕಿತ್ತ ಕಳೆ ಎಲ್ಲಾ ಎಸೀಲೇಬೇಕಾ? ನಮ್ಮತ್ತೆ ಅದರಲ್ಲೇ ಸಾರು ಮಾಡ್ತಿದ್ರು.

ನಿಮ್ಮತ್ತೆ ಸರಿ. ಮಂಡ್ಯ, ಮೈಸೂರು, ಹಾಸನದ ಕಡೆ ಬೆರಕೆ ಸೊಪ್ಪು ಎಂದು ಬುಟ್ಟಿಯಲ್ಲಿ ಮಾರುವುದರಲ್ಲಿ ಮುಕ್ಕಾಲು ಪಾಲು ಹೊಲದ ಕಳೆಯೇ: ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕೀರೆ, ಹೊನಗೊನ್ನೆ. ಅಣ್ಣೆ ಸೊಪ್ಪಿನ ಉಪ್ಸಾರಿಗೆ ಮುದ್ದೆ ಇದ್ದರೆ ಬೇರೇನೂ ಬೇಡ. ಕಳೆ ಕೀಳುವಾಗ ಎರಡು ಮಂಕರಿ ಇಟ್ಟುಕೊಳ್ಳುತ್ತೇನೆ, ಒಂದು ಒಲೆಗೆ, ಒಂದು ಗೊಬ್ಬರಕ್ಕೆ.

ಗುರುತು ಗೊತ್ತಿಲ್ಲದ್ದನ್ನು ಬಾಯಿಗಿಡಬೇಡಿ. ಗೋಣಿ ಸೊಪ್ಪಿನ ಹಾಗೇ ನೆಲಕ್ಕಂಟಿ ಬೆಳೆಯುವ ಬೇರೆ ಗಿಡ ಇದೆ. ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ. ಮೂತ್ರಪಿಂಡದಲ್ಲಿ ಕಲ್ಲಾದವರು ಗೋಣಿ ಸೊಪ್ಪನ್ನು ಮಿತಿಯಲ್ಲಿ ತಿನ್ನಲಿ. ಚರಂಡಿ ಪಕ್ಕದ್ದು, ಔಷಧಿ ಹೊಡೆದ ಹೊಲದ್ದು ಯಾರಿಗೂ ಬೇಡ.

ಮಾವಿನ ಕೊಂಬೆ ಮೇಲೆ ಬೇರೆ ಯಾವುದೋ ಗಿಡ ಹುಟ್ಟಿದೆ. ಒಳ್ಳೇದಾ ಕೆಟ್ಟದ್ದಾ?

ಬದನಿಕೆ. ಮರದ ರಸ ಹೀರಿ ಬದುಕುವ ಪರಾವಲಂಬಿ. ಹಣ್ಣು ತಿಂದ ಹಕ್ಕಿ ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಆ ಪುಟಾಣಿ ಹಕ್ಕಿಗೆ ಬದನಿಕೆ ಹಕ್ಕಿ ಎಂದೇ ಹೆಸರು. ಹೂವು ಕಾಯಾಗುವ ಮುಂಚೆ, ಅಂಟಿದ ಜಾಗಕ್ಕಿಂತ ಒಂದಡಿ ಬುಡದ ಕಡೆಗೆ ಕೊಂಬೆಯನ್ನೇ ಕತ್ತರಿಸಿ. ಬದನಿಕೆಯನ್ನು ಮಾತ್ರ ಮುರಿದರೆ ಒಳಗಿನ ಬೇರು ಮತ್ತೆ ಚಿಗುರುತ್ತದೆ.

## ಹುಳು ಹುಪ್ಪಟೆ

ಹುಳ ಬಂದಿದೆ, ಏನು ಹೊಡೀಲಿ?

ಅತಿ ಹೆಚ್ಚು ಬರುವ ಪ್ರಶ್ನೆ. ನಾನು ತಿರುಗಿ ಕೇಳುವುದು ಒಂದೇ: ಎಲೆ ಮಗುಚಿ ನೋಡಿದ್ರಾ? ಹತ್ತರಲ್ಲಿ ಏಳೆಂಟು ಜನ ನೋಡಿರುವುದಿಲ್ಲ. ಮೊಟ್ಟೆ, ಹೇನು, ನುಸಿ, ಬಿಳಿ ನೊಣ ಎಲ್ಲ ಇರುವುದು ಎಲೆಯ ಕೆಳಗೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಂದು ಸುತ್ತು ಬನ್ನಿ, ಗಿಡಕ್ಕೆರಡು ಎಲೆ ಮಗುಚಿ. ಮೊಟ್ಟೆಯ ಗುಂಪು ಕಂಡರೆ ಆ ಎಲೆ ಕಿತ್ತು ಹೊಸಕಿ. ಹೇನಾದರೆ ಪೈಪಿನ ನೀರನ್ನು ರಭಸವಾಗಿ ಬಿಟ್ಟು ಉದುರಿಸಿ. ಹಳ್ಳಿಯಲ್ಲಿ ಅಲಸಂದೆ, ಅವರೆಗೆ ಹೇನು ಹತ್ತಿದರೆ ಬೆಳಗಿನ ಇಬ್ಬನಿ ಆರುವ ಮುಂಚೆ ಜರಡಿ ಹಿಡಿದ ಒಲೆಬೂದಿ ಎರಚುತ್ತಿದ್ದರು. ಈಗಲೂ ಅದು ಕೆಲಸ ಮಾಡುತ್ತದೆ. ಸಿಂಪಡಣೆ ಇವೆಲ್ಲ ಆದಮೇಲೆ. ಎರಡು ಎಲೆ ತೂತಾಗಿದ್ದಕ್ಕೆ ಏನೂ ಹೊಡೆಯಬೇಡಿ.

ಬೇವಿನೆಣ್ಣೆ ಹೊಡೆದೆ, ಹುಳ ಸಾಯ್ಲಿಲ್ಲ, ಎಲೆ ಸುಟ್ಟೋಯ್ತು!

ನಾನೂ ಒಮ್ಮೆ ಏಪ್ರಿಲ್ಲಿನ ಬೆಳಿಗ್ಗೆ 11 ಗಂಟೆಗೆ, ಇನ್ನಷ್ಟು ಜೋರಾಗಿರಲಿ ಎಂದು ಮೂರು ಪಟ್ಟು ಎಣ್ಣೆ, ಮೂರು ಪಟ್ಟು ಸೋಪು ಕಲಸಿ ಹುರುಳಿಕಾಯಿ ಗಿಡಕ್ಕೆ ಹೊಡೆದೆ. ಮಾರನೇ ದಿನ ಎಲೆಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಹುಳು ಮಾತ್ರ ಪಕ್ಕದ ಗಿಡದಲ್ಲಿ ಆರಾಮಾಗಿತ್ತು.

ಅಳತೆ ಇದು: ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿ ಬೇವಿನೆಣ್ಣೆ, 1ರಿಂದ 2 ಮಿಲಿ ಸೋಪಿನ ದ್ರವ. ಮೊದಲು ಎಣ್ಣೆ ಸೋಪು ಎರಡನ್ನೂ ಸ್ವಲ್ಪ ಬೆಚ್ಚಗಿನ ನೀರಲ್ಲಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಉಳಿದ ನೀರು ಬೆರೆಸಿ. ಬಿಸಿಲಿಳಿದ ಮೇಲೆ, ಎಲೆಯ ಕೆಳಭಾಗಕ್ಕೆ ತಾಗುವ ಹಾಗೆ ಹೊಡೆಯಿರಿ. ಕಲಸಿದ್ದನ್ನು ಅಂದೇ ಮುಗಿಸಿ. ಬಿಸಿಲಿಗೆ ಬೇವಿನ ಸಾರ ಬೇಗ ಕೆಡುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಬೇಕು. ಬೇವು ಕೂಡಲೇ ಕೊಲ್ಲುವ ವಿಷವಲ್ಲ. ತಿನ್ನುವ ಮನಸ್ಸನ್ನೇ ಕೆಡಿಸುತ್ತದೆ, ಮರಿ ಪೊರೆ ಕಳಚಿ ಬೆಳೆಯದಂತೆ ತಡೆಯುತ್ತದೆ. ಫಲ ಕಾಣಲು ಹತ್ತು ದಿನ ಬೇಕು.

ಬೇವಿನ ಮರ ಹತ್ತಿರವಿದ್ದರೆ ಎಣ್ಣೆ ಕೊಳ್ಳುವುದೇ ಬೇಡ. ಜೂನ್ ಜುಲೈಯಲ್ಲಿ ಉದುರುವ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಲ್ಲಿ ಒಣಗಿಸಿ ಬೀಜ ಇಟ್ಟುಕೊಳ್ಳಿ. 50 ಗ್ರಾಂ ಬೀಜ ಕುಟ್ಟಿ ಬಟ್ಟೆಯಲ್ಲಿ ಗಂಟುಕಟ್ಟಿ ರಾತ್ರಿಯಿಡೀ ಒಂದು ಲೀಟರ್ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ, ಸೋಪು ಸೇರಿಸಿದರೆ ಕಷಾಯ ತಯಾರು. ನನ್ನ ಅನುಭವದಲ್ಲಿ ಇದು ಬಾಟಲಿ ಎಣ್ಣೆಗಿಂತ ಮೇಲು.

ದಾಸವಾಳದ ಕುಡಿಯಲ್ಲೆಲ್ಲ ಬಿಳಿ ಹತ್ತಿ ಥರ ಅಂಟ್ಕೊಂಡಿದೆ. ಇರುವೆನೂ ಸಾಲುಗಟ್ಟಿದೆ.

ಹಿಟ್ಟು ತಿಗಣೆ. ಇರುವೆ ಸುಮ್ಮನೆ ಬಂದಿಲ್ಲ. ತಿಗಣೆ ಹೀರಿದ ರಸದ ಸಿಹಿ ಅಂಟು ಇರುವೆಗೆ ಆಹಾರ. ಅದಕ್ಕೆ ಪ್ರತಿಯಾಗಿ ಇರುವೆ ಅದನ್ನು ಹಸು ಸಾಕಿದ ಹಾಗೆ ಕಾಯುತ್ತದೆ, ತಿನ್ನಲು ಬಂದ ಮಿತ್ರಕೀಟಗಳನ್ನು ಓಡಿಸುತ್ತದೆ. ಆದ್ದರಿಂದ ಮೊದಲು ಇರುವೆಯ ದಾರಿ ಮುಚ್ಚಿ. ಕಾಂಡಕ್ಕೆ ಬಟ್ಟೆಪಟ್ಟಿ ಸುತ್ತಿ ಹರಳೆಣ್ಣೆ ಬಳಿಯಿರಿ, ಗೋಡೆಗೆ ತಾಗುವ ಕೊಂಬೆ ಸವರಿ. ಹೆಚ್ಚು ಹತ್ತಿದ ಕುಡಿ ಕತ್ತರಿಸಿ ಸೋಪುನೀರಲ್ಲಿ ಮುಳುಗಿಸಿ. ಉಳಿದದ್ದಕ್ಕೆ ಲೀಟರಿಗೆ 5 ಮಿಲಿ ಸೋಪಿನ ದ್ರವ. ಮೈಮೇಲಿನ ಮೇಣ ಕರಗಬೇಕು, ಆಮೇಲಷ್ಟೇ ಬೇರೆ ಯಾವುದಾದರೂ ನಾಟುವುದು.

ಪರಂಗಿ ಗಿಡಕ್ಕೆ ಹತ್ತುವ ಹಿಟ್ಟು ತಿಗಣೆಯದು ದೊಡ್ಡ ಕಥೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು, ಪರಂಗಿಯ ಜೊತೆಗೆ ನಮ್ಮ ಹಿಪ್ಪುನೇರಳೆ ತೋಟಗಳಿಗೂ ನುಗ್ಗಿತು. ಯಾವ ವಿಷಕ್ಕೂ ಜಗ್ಗಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಎಳ್ಳುಕಾಳಿಗಿಂತ ಸಣ್ಣದಾದ ಒಂದು ಕಣಜವನ್ನು ತರಿಸಿ, ಬೆಂಗಳೂರು ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯಲ್ಲಿ ಸಾಕಿ ಬಿಟ್ಟರು. ತಿಗಣೆಯ ಮೈಯೊಳಗೇ ಮೊಟ್ಟೆ ಇಡುವ ಆ ಕಣಜ ತಿಂಗಳುಗಳಲ್ಲಿ ಪಿಡುಗನ್ನು ಹತೋಟಿಗೆ ತಂದಿತು. ಪರಂಗಿ ಎಲೆಯ ಮೇಲೆ ಒಣಗಿ ಕಂದಾದ, ತೂತುಬಿದ್ದ ತಿಗಣೆ ಕಂಡರೆ ಕಣಜ ಬಂದಿದೆ ಎಂದರ್ಥ. ಆಗ ಕೈಕಟ್ಟಿ ಕೂರಿ.

ಮೆಣಸಿನ ಗಿಡದ ಎಲೆ ಮುದುರ್ಕೊಂಡಿದೆ. ಮಜ್ಜಿಗೆ ಹೊಡೆದ್ರೂ ಹೋಗಿಲ್ಲ.

ಯಾವ ಕಡೆಗೆ ಮುದುರಿದೆ? ಅಂಚು ಮೇಲಕ್ಕೆ ಎದ್ದು ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಬಾಗಿ, ದೋಣಿ ಬೋರಲು ಹಾಕಿದಂತಿದ್ದು, ತೊಟ್ಟು ಉದ್ದವಾಗಿದ್ದರೆ ಹಳದಿ ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ. ಕುಡಿಯ ಕೆಳಗೆ ಬಿಳಿ ಹಾಳೆ ಹಿಡಿದು ಬೆರಳಿನಿಂದ ತಟ್ಟಿ. ಗೀಟಿನಂಥ ಸಣ್ಣ ಹುಳು ಓಡಾಡಿದರೆ ಥ್ರಿಪ್ಸ್. ಅದಕ್ಕೆ ಬೇವು, ಜೊತೆಗೆ ನೀಲಿ ಅಂಟುಹಾಳೆ. ಹಳದಿ ಹಾಳೆ ಬಿಳಿ ನೊಣ, ಹೇನಿಗೆ. ಮೈಟ್ ಕಣ್ಣಿಗೆ ಕಾಣದು. ಅದಕ್ಕೆ ನೀರಲ್ಲಿ ಕರಗುವ ಗಂಧಕದ ಪುಡಿ ಲೀಟರಿಗೆ 3 ಗ್ರಾಂ, ಸಂಜೆ ತಂಪಿನಲ್ಲಿ. ಗಂಧಕವನ್ನೂ ಎಣ್ಣೆಯನ್ನೂ ಒಂದೆರಡು ವಾರದ ಅಂತರವಿಲ್ಲದೆ ಹೊಡೆದರೆ ಎಲೆ ಸುಡುತ್ತದೆ.

ಟೊಮೇಟೊ ಎಲೆ ಮುದುರಿ, ಹಳದಿಯಾಗಿ, ಗಿಡ ಗಿಡ್ಡಕ್ಕೆ ನಿಂತಿದ್ದರೆ ಅದು ಬಿಳಿ ನೊಣ ತಂದ ನಂಜು (ವೈರಸ್) ರೋಗ. ಮದ್ದಿಲ್ಲ. ಕಿತ್ತು ಚೀಲಕ್ಕೆ ತುಂಬಿ.

ಎಲೆ ಮೇಲೆ ಯಾರೋ ರಂಗೋಲಿ ಬಿಟ್ಟ ಹಾಗಿದೆ!

ಹೆಸರೇ ರಂಗೋಲಿ ಹುಳು. ಎಲೆಯ ಎರಡು ಪದರದ ನಡುವೆ ಸುರಂಗ ಕೊರೆಯುತ್ತದೆ, ಆದ್ದರಿಂದ ಮೇಲೆ ಹೊಡೆದದ್ದು ಅದಕ್ಕೆ ಸರಿಯಾಗಿ ತಾಗದು. ಗೆರೆಯ ತುದಿಯನ್ನು ಉಗುರಿನಿಂದ ಒತ್ತಿ, ಹೆಚ್ಚಿದ್ದರೆ ಎಲೆ ಕಿತ್ತುಹಾಕಿ. ನೋಡಲು ಭಯಂಕರ, ನಷ್ಟ ಕಡಿಮೆ.

ಬದನೆ ಕುಡಿ ಇದ್ದಕ್ಕಿದ್ದಂತೆ ಜೋತುಬಿದ್ದಿದೆ, ಉಳಿದ ಗಿಡ ಚೆನ್ನಾಗೇ ಇದೆ.

ಕಾಂಡಕೊರಕ ಒಳಗಿದೆ. ಜೋತ ಜಾಗದಿಂದ ಎರಡಿಂಚು ಕೆಳಗೆ ಕತ್ತರಿಸಿ ಸೀಳಿ ನೋಡಿ, ನಸುಗೆಂಪು ಹುಳು ಸಿಗುತ್ತದೆ. ಈಗ ಬಿಟ್ಟರೆ ಅದರ ಸಂತಾನ ಕಾಯಿಗೆ ಇಳಿಯುತ್ತದೆ, ಒಳಗೆ ಹೊಕ್ಕ ಮೇಲೆ ಯಾವ ಕಷಾಯವೂ ಮುಟ್ಟದು. ಆರು ಗಿಡ ಇರುವವರಿಗೆ ವಾರಕ್ಕೊಮ್ಮೆ ಕತ್ತರಿ ಹಿಡಿದರೆ ಸಾಕು. ತೂತಾದ ಕಾಯಿಗಳನ್ನು ಗಿಡದಲ್ಲೂ ನೆಲದಲ್ಲೂ ಉಳಿಸಬೇಡಿ.

ಹಾಗಲಕಾಯಿ ಹೊರಗೆ ಚೆನ್ನಾಗಿದೆ, ಕುಯ್ದರೆ ಬರೀ ಹುಳ. ತುಳಸಿ ಬಲೆ ಕಟ್ಟಿದ್ರೂ ಪ್ರಯೋಜನ ಇಲ್ಲ.

ಹಣ್ಣು ನೊಣದ ಕೆಲಸ. ಜಜ್ಜಿದ ತುಳಸಿಯಲ್ಲಿರುವ ವಾಸನೆ ಮಾವು, ಸೀಬೆಯ ಹಣ್ಣು ನೊಣದ ಗಂಡುಗಳನ್ನು ಸೆಳೆಯುತ್ತದೆ. ಹಾಗಲ, ಹೀರೆ, ಸೋರೆಗೆ ಬರುವ ನೊಣ ಬೇರೆ ಜಾತಿ, ಅದಕ್ಕೆ ತುಳಸಿ ಲೆಕ್ಕಕ್ಕಿಲ್ಲ. ಕ್ಯೂ ಲೂರ್ ಎಂಬ ಗುಳಿಗೆಯ ಬಲೆಯನ್ನೇ ಕೇಳಿ ತರಬೇಕು. ಅದಕ್ಕಿಂತ ಖಚಿತ ಉಪಾಯ, ಕಾಯಿ ಕಿರುಬೆರಳಷ್ಟಾದಾಗಲೇ ಕಾಗದದ ಕೊಟ್ಟೆ ಅಥವಾ ಹಳೇ ಕಾಲುಚೀಲ ತೊಡಿಸುವುದು. ನಮ್ಮ ಚಪ್ಪರದಲ್ಲಿ ಕಾಲುಚೀಲ ಹಾಕಿಕೊಂಡು ನೇತಾಡುವ ಹಾಗಲಕಾಯಿಗಳನ್ನು ನೋಡಿ ಮೊಮ್ಮಕ್ಕಳು ನಗುತ್ತಾರೆ. ಕೊಳೆತು ಬಿದ್ದ ಕಾಯಿಯೊಳಗಿನ ಹುಳು ಮಣ್ಣಿಗಿಳಿದು ಕೋಶ ಕಟ್ಟುತ್ತದೆ, ಹಾಗಾಗಿ ಬಿದ್ದದ್ದನ್ನು ಅಂದೇ ಆರಿಸಿ ನೀರಲ್ಲಿ ಮುಳುಗಿಸಿ.

ಬಸವನಹುಳು ಮಾರಾಯ್ರೆ, ಬೆಳಗಾಗುವಷ್ಟರಲ್ಲಿ ಸಸಿಯೇ ಇರುವುದಿಲ್ಲ!

ದೊಡ್ಡ ಚಿಪ್ಪಿನದಾದರೆ ಆಫ್ರಿಕಾದ ಬಸವನಹುಳು. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಇಡಿ. ಬೆಳಿಗ್ಗೆ ಎತ್ತಿದರೆ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಮೆದುಳಿಗೆ ತೊಂದರೆ ಕೊಡುವ ಜಂತು ಅದರ ಮೈಯಲ್ಲಿರಬಹುದು. ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪು ಬಕೆಟ್ಟಿನಲ್ಲೇ ಇರಲಿ, ಪಾತಿಗೆ ಬೇಡ. ಮುಂಗಾರಿನ ಮೊದಲ ಎರಡು ವಾರ ಬಿಡದೆ ಮಾಡಿದರೆ ಮೊಟ್ಟೆ ಇಡುವ ಮುಂಚೆಯೇ ಸಂಖ್ಯೆ ಇಳಿಯುತ್ತದೆ. ವಿಷದ ಕಾಳು ಹಾಕಿದರೆ ಬೀದಿನಾಯಿ ತಿಂದು ಸಾಯುತ್ತದೆ.

ಮೊಸಳೆ ಥರ ಇರೋ ಕಪ್ಪು ಹುಳ ಸಿಕ್ತು, ಹೊಸಕಿ ಹಾಕ್ದೆ. ಸರಿ ತಾನೆ?

ಅಯ್ಯೋ! ಅದು ಗುಲಗಂಜಿ ಹುಳುವಿನ ಮರಿ. ಕೆಂಪಿಗೆ ಕಪ್ಪು ಚುಕ್ಕೆಯ ದೊಡ್ಡದನ್ನು ಎಲ್ಲರೂ ಗುರುತಿಸುತ್ತಾರೆ, ಕಿತ್ತಳೆ ಮಚ್ಚೆಯ ಈ ಮರಿಯನ್ನು ಕೊಲ್ಲುತ್ತಾರೆ. ಹೇನು ತಿನ್ನುವುದರಲ್ಲಿ ಅಪ್ಪ ಅಮ್ಮನಿಗಿಂತ ಮರಿಯೇ ಹೊಟ್ಟೆಬಾಕ. ಜೇಡ, ಸೂರ್ಯನ ಕುದುರೆ, ಓತಿಕ್ಯಾತ ಎಲ್ಲ ನಮ್ಮ ಕಡೆಯವರೇ. ಬೆನ್ನ ಮೇಲೆ ಬಿಳಿ ಅಕ್ಕಿಕಾಳಿನಂಥ ಗೂಡು ಹೊತ್ತ ಕಂಬಳಿ ಹುಳು ಕಂಡರೂ ಬಿಡಿ. ಅದು ಹೇಗೂ ಸಾಯುತ್ತದೆ, ಗೂಡಿನಿಂದ ಹೊರಬರುವ ಕಣಜಗಳು ಬೇಕು.

ಒಂದೇ ಒಂದು ಸಲ ಅಂಗಡಿ ಔಷಧಿ ಹೊಡೆದುಬಿಡ್ಲಾ?

ನಿಮ್ಮ ತೋಟ, ನಿಮ್ಮ ಇಷ್ಟ. ಆದರೆ ಹೇನು ಹದಿನೈದು ದಿನದಲ್ಲಿ ಮರಳುತ್ತದೆ, ಅದನ್ನು ತಿನ್ನುವವರು ಮರಳಲು ತಿಂಗಳುಗಳು ಬೇಕು. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಿನ ಗೇರುತೋಪುಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಅಲ್ಲಿನ ಮನೆಗಳು ಇವತ್ತೂ ಉಣ್ಣುತ್ತಿವೆ. ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿದ್ದು 2011ರಲ್ಲಿ. ಹಾಗೆಂದು ಮನೆಯಲ್ಲಿ ಮಾಡಿದ್ದೆಲ್ಲ ಸಾಧುವೂ ಅಲ್ಲ. ಹೊಗೆಸೊಪ್ಪಿನ ಕಷಾಯ ಕಡು ವಿಷ, ಸೊಪ್ಪು ತರಕಾರಿ ಇರುವ ಕಡೆ ಅದನ್ನು ಬಿಟ್ಟೇಬಿಡಿ.

## ಸ್ವಲ್ಪ ಪಳಗಿದ ಮೇಲೆ

ಸೋರೆ ಬಳ್ಳಿ ತುಂಬ ಹೂವು, ಒಂದು ಕಾಯೂ ನಿಲ್ಲಲ್ಲ.

ಮೊದಲು ಬರುವುದೆಲ್ಲ ಗಂಡು ಹೂವು, ಉದುರಲೇಬೇಕು. ಹೆಣ್ಣು ಹೂವಿನ ಹಿಂದೆ ಪುಟಾಣಿ ಕಾಯಿ ಅಂಟಿರುತ್ತದೆ. ಅದೂ ಹಳದಿಯಾಗಿ ಉದುರಿದರೆ ಪರಾಗ ಸೇರಿಲ್ಲ. ಗಂಡು ಹೂ ಕಿತ್ತು ದಳ ಬಿಡಿಸಿ ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಒರೆಸಿ. ಹೊತ್ತು ಮುಖ್ಯ: ಸೋರೆ, ಹೀರೆ ಅರಳುವುದು ಸಂಜೆ, ಕುಂಬಳ, ಹಾಗಲ, ಸೌತೆ ಬೆಳಿಗ್ಗೆ. ಬೆಳಿಗ್ಗೆ ಎಂಟಕ್ಕೆ ಸೋರೆಯ ಮುಂದೆ ನಿಂತರೆ ಬಾಡಿದ ಹೂವು ಸಿಗುತ್ತದೆ ಅಷ್ಟೇ.

ಟೊಮೇಟೊ ಗಿಡ ಹಸಿರಾಗೇ ಇದ್ದು ಎರಡೇ ದಿನದಲ್ಲಿ ಸೊರಗಿ ಬಿತ್ತು. ನೀರು ಕಮ್ಮಿ ಆಯ್ತಾ?

ಎಲೆ ಹಳದಿಯಾಗದೆ ಹಸಿರಿರುವಾಗಲೇ ಸೊರಗಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಅನುಮಾನ. ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದಾರ ಇಳಿದರೆ ಅದೇ. ಗಿಡ, ಸುತ್ತಲ ಮಣ್ಣು ಎರಡನ್ನೂ ತೆಗೆಯಿರಿ. ಎರಡು ಮೂರು ವರ್ಷ ಅಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ ಬೇಡ. ಜೋಳ, ಸೊಪ್ಪು, ಹುರುಳಿಕಾಯಿ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ಸೊರಗನ್ನೂ ಎಲೆ ಮುದುರು ನಂಜನ್ನೂ ತಡೆಯುತ್ತದೆ. ಅದು ಹೈಬ್ರಿಡ್, ಹಣ್ಣಿನಿಂದ ಬೀಜ ಎತ್ತಿಟ್ಟರೆ ಅದೇ ಗುಣ ಬಾರದು.

ಟ್ರೈಕೋಡರ್ಮಾ, ಬವೇರಿಯಾ ಅಂತ ಪುಡಿ ಮಾರ್ತಾರಲ್ಲ, ತಗೋಬಹುದಾ?

ಎರಡೂ ಜೀವಂತ ಶಿಲೀಂಧ್ರಗಳು. ಟ್ರೈಕೋಡರ್ಮಾ ಮಣ್ಣಿನಲ್ಲಿ ಸಸಿಯ ಬುಡ ಕೊಳೆಸುವ ಶಿಲೀಂಧ್ರವನ್ನು ತಿನ್ನುತ್ತದೆ. ಬವೇರಿಯಾ ಹುಳುವಿನ ಮೈಗಂಟಿ ಬೆಳೆದು ಕೊಲ್ಲುತ್ತದೆ. ಪೊಟ್ಟಣದ ಮೇಲೆ ತಯಾರಾದ, ಅವಧಿ ಮುಗಿಯುವ ದಿನಾಂಕ ನೋಡಿ. ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾಯಿಸಿಕೊಂಡ ಪುಡಿ ಸತ್ತಿರುತ್ತದೆ. ಹತ್ತು ಕೆಜಿ ಕಳಿತ ಗೊಬ್ಬರಕ್ಕೆ 100 ಗ್ರಾಂ ಟ್ರೈಕೋಡರ್ಮಾ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ನೀರು ಚಿಮುಕಿಸಿ, ಗೋಣಿ ಮುಚ್ಚಿ ನೆರಳಲ್ಲಿ ಹತ್ತು ಹದಿನೈದು ದಿನ ಇಡಿ, ಆಮೇಲೆ ಕುಂಡಕ್ಕೆ ಹಾಕಿ. ಬವೇರಿಯಾಕ್ಕೆ ತೇವದ ಸಂಜೆ ಬೇಕು. ಇವುಗಳ ಹಿಂದೆ ಮುಂದೆ ಗಂಧಕ, ತಾಮ್ರದ ದ್ರಾವಣ ಹೊಡೆದರೆ ದುಡ್ಡು ದಂಡ.

ಜೀವಾಮೃತ 200 ಲೀಟರ್ ಲೆಕ್ಕ ಹೇಳ್ತಾರೆ. ನಮಗೆ ಹತ್ತು ಲೀಟರ್ ಸಾಕು.

ಜೀವಾಮೃತ ಅಂದರೆ ಮಣ್ಣಿನ ಸೂಕ್ಷ್ಮಜೀವಿಗಳನ್ನು ಹೆಚ್ಚಿಸಲೆಂದು ಸಗಣಿ, ಗಂಜಲ ಹುಳಿ ಬರಿಸಿ ಮಾಡುವ ದ್ರಾವಣ. ಹತ್ತು ಲೀಟರ್ ನೀರು, ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಹುರುಳಿ ಅಥವಾ ಕಡಲೆ ಹಿಟ್ಟು, ಮರದ ಬುಡದ ಒಂದು ಚಿಟಿಕೆ ಮಣ್ಣು. ನೆರಳಲ್ಲಿಟ್ಟು ಬೆಳಿಗ್ಗೆ ಸಂಜೆ ಕಲಕಿ. ಎರಡು ದಿನಕ್ಕೆ ನೊರೆ ಬಂದು ಹುಳಿವಾಸನೆ ಬರುತ್ತದೆ. ಒಂದಕ್ಕೆ ಹತ್ತು ನೀರು ಬೆರೆಸಿ ಒದ್ದೆ ಮಣ್ಣಿಗೆ ಹಾಕಿ, ವಾರದೊಳಗೆ ಖಾಲಿ ಮಾಡಿ. ಇದು ಗೊಬ್ಬರಕ್ಕೆ ಬದಲಿ ಅಲ್ಲ. ಹಸಿದ ಮಣ್ಣಿಗೆ ಜೀವಾಮೃತ ಹಾಕಿದರೂ ಮಣ್ಣು ಹಸಿದೇ ಇರುತ್ತದೆ.

ಎಲ್ಲಾ ಸರಿ. ಕೋತಿಗೆ ಏನು ಮಾಡೋದು?

ಹೊಳೆಯುವ ಸಿಡಿ ಕಟ್ಟಿದೆ, ಅದರಲ್ಲಿ ಮುಖ ನೋಡಿಕೊಂಡವು. ರಬ್ಬರ್ ಹಾವು ಇಟ್ಟೆ, ಎರಡನೇ ದಿನ ಅದನ್ನು ಎತ್ತಿಕೊಂಡು ಹೋದವು. ನಾಲ್ಕೂ ಕಡೆ ಮೇಲೂ ಬಲೆ ಕಟ್ಟುವುದೊಂದೇ ದಾರಿ. ಅದಾಗದಿದ್ದರೆ ನಮ್ಮ ಬೀದಿಯ ಕೋತಿಗಳು ಇದುವರೆಗೂ ಮುಟ್ಟದ್ದು ಹೇಳುತ್ತೇನೆ, ಅವನ್ನೇ ಬೆಳೆಯಿರಿ: ಸುವರ್ಣಗಡ್ಡೆ, ಅರಿಶಿನ, ಕಾಲುಚೀಲ ತೊಟ್ಟ ಹಾಗಲಕಾಯಿ.